ಗುಬ್ಬಿಗಳು ತಿಂದ ಪಾಲು

ಪವಿತ್ರ ಭೋಜನದ ರೊಟ್ಟಿ ಒಲೆಯಿಂದ ಹೊರಬರುವಾಗಲೇ ತುಂಡುತುಂಡಾಗಿರುತ್ತಿತ್ತು. ದೇವರು ಎಷ್ಟು ಜನರನ್ನು ಊಟಕ್ಕೆ ಕರೆದಿದ್ದಾನೋ ಅಷ್ಟೇ ತುಂಡು. ಎಲ್ಲ ಊರಿನ ಚರ್ಚುಗಳಲ್ಲೂ ಹಾಗೆಯೇ ಇದ್ದುದರಿಂದ ಯಾರಿಗೂ ಅದು ಬೆರಗಿನ ಸಂಗತಿಯಾಗಿರಲಿಲ್ಲ.

ಕಲ್ಲೋಣಿಯ ಚರ್ಚಿನಲ್ಲಿ ಮಾತ್ರ ಹತ್ತು ವರ್ಷದಿಂದ ಎರಡು ತುಂಡು ಉಳಿಯುತ್ತಿದ್ದವು. ರೊಟ್ಟಿ ಸುಡುವ ಕೃಪಾವತಮ್ಮ ಅವನ್ನು ಗುಬ್ಬಿಗಳಿಗೆ ಹಾಕುತ್ತಿದ್ದರು. ಒಂದು ತಮ್ಮ ಮಗ ಜಯವಂತನದೆಂದು ಅವರಿಗೆ ಗೊತ್ತಿತ್ತು. ಅವನು ತನ್ನ ಸಂಗಾತಿ ರತ್ನಾಕರನ ಕೈಹಿಡಿದು ಬಂದಾಗ, ಗಂಡಸರಿಬ್ಬರ ಸಂಸಾರಕ್ಕೆ ಇಲ್ಲಿ ಜಾಗವಿಲ್ಲವೆಂದು ಹಿರಿಯರು ಬಾಗಿಲು ಹಾಕಿದ್ದರು. ಕೃಪಾವತಮ್ಮನೂ ಸುಮ್ಮನಿದ್ದರು. ಇನ್ನೊಂದು ತುಂಡು ಒಲೆಯ ತಪ್ಪೆಂದು ತಮಗೆ ತಾವೇ ಹೇಳಿಕೊಂಡಿದ್ದರು.

ಹೋದ ತಿಂಗಳು ಜಯವಂತ ಜ್ವರದಲ್ಲಿ ತೀರಿಕೊಂಡ. ಈ ಭಾನುವಾರ ಎಲ್ಲರಿಗೂ ಹಂಚಿದ ಮೇಲೆ ತಟ್ಟೆಯಲ್ಲಿ ಒಂದೇ ತುಂಡು ಉಳಿಯಿತು. ಸತ್ತವರಿಗೆ ರೊಟ್ಟಿ ಬರುವುದಿಲ್ಲ. ಉಳಿದದ್ದನ್ನು ಗುಬ್ಬಿಗಳಿಗೆ ಹಾಕಲು ಕೃಪಾವತಮ್ಮ ಕಿಟಕಿಗೆ ಬಂದರು. ಕಿಟಕಿಯಾಚೆ ರತ್ನಾಕರ ಕಂಡ. ಜಯವಂತನ ಬಳಿ ಉಳಿದಿದ್ದ ಚರ್ಚಿನ ಸಂಗೀತ ಪುಸ್ತಕ ಮರಳಿಸಲು ಬಂದು ಬೇವಿನ ಕೆಳಗೆ ಕಾದಿದ್ದ.

“ಒಲಿ ಬದಲಿಸೂಣೇನ್ರಿ ಅಕ್ಕಾರ?” ಎಂದರು ಹಿರಿಯ ಸಂಜೀವಪ್ಪ.

“ಒಲಿ ಸರಿ ಐತಿ ಸಂಜೀವಪ್ಪ. ನೀ ಬಾಗಲಾ ತಗಿ.”

ತಟ್ಟೆ ಹಿಡಿದು ಅವರು ಬೇವಿನವರೆಗೂ ನಡೆದರು.

“ಇದು ನನಗೇನ್ರಿ, ಅವ್ವಾರ?” ಎಂದ ರತ್ನಾಕರ.

“ನಿಂದ ಪಾ. ಹತ್ತು ವರ್ಷ ನಿನ್ನ ಪಾಲು ಗುಬ್ಬಿಗೆ ಹಾಕೀನಿ, ತಪ್ಪಾತು. ಒಳಗ ಬಾ, ನನ್ನ ಬಾಜೂಕ ಕುಂತು ತಿನ್ನು.”

ಆ ದಿನ ಕಿಟಕಿಯಲ್ಲಿ ಕಾದು ಕೂತ ಗುಬ್ಬಿಗಳು ಬಹಳ ಹೊತ್ತು ಬೈದು, ಹಾರಿಹೋದವು.