ಗೀರಿಲ್ಲದ ಬೀಗ

"ಬೀಗದ ಮೇಲೆ ಒಂದು ಗೀರೂ ಇಲ್ವಲ್ಲ ಯಜಮಾನರೇ," ಎಂದರು ವಿಮಾ ಕಂಪನಿಯ ಮೇಡಂ, ಟಾರ್ಚ್ ಆರಿಸುತ್ತ. "ಬಾಗಿಲು ಒಡೆದಿಲ್ಲ, ಚಿಲಕ ಬಗ್ಗಿಲ್ಲ. ಫೋನ್ ಕಳ್ಳತನ ಆಯ್ತು ಅಂತ ಹೇಗೆ ಬರೀಲಿ? ನೀವೇ ಎಲ್ಲೋ ಕಳ್ಕೊಂಡಿದ್ರೆ ಅದಕ್ಕೆ ನಮ್ಮ ಪಾಲಿಸಿಯಲ್ಲಿ ಪರಿಹಾರ ಇಲ್ಲ."

ಬೀಗದಣ್ಣ ತಲೆ ಕೆರೆದುಕೊಂಡ. ಮೂವತ್ತು ವರ್ಷ ಬೀಗ ಮಾಡಿ, ಬೀಗ ರಿಪೇರಿ ಮಾಡಿ ಬೀದಿಗೆಲ್ಲ ಅಣ್ಣನಾದವನು. ಮೊನ್ನೆ ಸಂಜೆ ಫೋನನ್ನು ಅಂಗಡಿಯಲ್ಲೇ ಚಾರ್ಜಿಗೆ ಹಾಕಿ, ಮರೆತು ಮನೆಗೆ ಹೋಗಿದ್ದ. ಫೋನ್ ಮರೆತಿದ್ದ, ಬೀಗ ಮರೆತಿರಲಿಲ್ಲ. ಎರಡು ಸಲ ಜಗ್ಗಿ ನೋಡಿದ್ದು ಅವನ ಕೈಗೇ ನೆನಪಿತ್ತು. ಬೆಳಿಗ್ಗೆ ಬಂದಾಗ ಬೀಗ ಹಾಕಿದ್ದು ಹಾಕಿದಂತೆಯೇ ಇತ್ತು. ಒಳಗೆ ಫೋನ್ ಮಾತ್ರ ಇರಲಿಲ್ಲ. ಚಾರ್ಜರಿನ ವೈರನ್ನು ಯಾರೋ ನೀಟಾಗಿ ಸುತ್ತಿಟ್ಟಿದ್ದರು.

"ಈ ಬೀಗ ಯಾರು ಮಾಡಿದ್ದು?"

"ನಾನೇ ಮೇಡಂ."

"ಕೀಲಿ ಇಲ್ಲದೆ ಇದನ್ನ ತೆಗೆಯೋಕಾಗತ್ತಾ?"

ಗಿರಾಕಿಗಳಿಗೆಲ್ಲ ಕೊಡುವ ಉತ್ತರ ನಾಲಿಗೆಯ ತುದಿಗೆ ಬಂದು ನಿಂತಿತು. ಬಿಲ್‌ಕುಲ್ ಸಾಧ್ಯವಿಲ್ಲ ಎಂದರೆ ಫೋನು ಹೋಯಿತು. ಆಗತ್ತೆ ಎಂದರೆ ಮಾನ ಹೋಯಿತು.

"ಯಾಕೆ ಕೇಳಿದೆ ಅಂದ್ರೆ," ಮೇಡಂ ಫೈಲು ತಿರುವಿದರು, "ಗೀರಿಲ್ಲದೆ ಬೀಗ ತೆಗೆದಿದ್ದಾರೆ ಅಂತ ಈ ಕೆಲಸ ಬಲ್ಲವರೊಬ್ಬರು ಬರೆದುಕೊಟ್ರೆ ಸಾಕು, ಕ್ಲೇಮ್ ಪಾಸಾಗತ್ತೆ. ಇಲ್ಲಿ ಬೀಗದ ಕೆಲಸದವರು ಯಾರಿದ್ದಾರೆ?"

"ನಾನೊಬ್ಬನೇ."

ಗಲ್ಲಾದ ಹಿಂದೆ ಕೂತಿದ್ದ ಹೆಂಡತಿಗೆ ನಗು ತಡೆಯಲಾಗಲಿಲ್ಲ. "ಬರೆದುಕೊಡಿ ಮತ್ತೆ. ಬೀಗ ಬೀಗ ಅಂತ ಮೂವತ್ತು ವರ್ಷ ಬೀಗಿದ್ದು ಸಾಕು."

"ಸುಮ್ನಿರೇ. ನನ್ನ ಬೀಗ ಬಿಚ್ಚಿಕೊಳ್ಳತ್ತೆ ಅಂತ ನಾನೇ ಬರೆದುಕೊಟ್ರೆ, ನಾಳೆಯಿಂದ ಇಬ್ಬರೂ ನೊಣ ಹೊಡೀತಾ ಕೂರಬೇಕು." ಮೇಡಂ ಕಡೆ ತಿರುಗಿದ. "ಬೇಡ ಬಿಡಿ. ನಾನೇ ಎಲ್ಲೋ ಕಳ್ಕೊಂಡಿರಬೇಕು, ಹಾಗಂತಲೇ ಬರ್ಕೊಳ್ಳಿ."

"ಐದು ಗಂಟೆವರೆಗೂ ಆಫೀಸಲ್ಲಿರ್ತೀನಿ," ಎಂದಷ್ಟೇ ಹೇಳಿ ಅವರು ಹೊರಟರು.

ಅವರು ಹೋದ ಮೇಲೆ ಬೀಗದಣ್ಣನ ಕೈ ಸುಮ್ಮನಿರಲಿಲ್ಲ. ಬೀಗದ ಹೊಟ್ಟೆ ಬಿಚ್ಚಿ, ಕೀಲಿ ಎತ್ತಿದರೆ ಮಾತ್ರ ಬೀಗ ಬಿಡುವ ಆರು ಹಿತ್ತಾಳೆಯ ಪಿನ್ನುಗಳನ್ನು ಬಟ್ಟೆಯ ಮೇಲೆ ಸಾಲಾಗಿ ಹರಡಿ, ಕಣ್ಣಿಗೆ ಭೂತಗನ್ನಡಿ ಹಿಡಿದ. ಒಂದೊಂದರ ಮೇಲೂ ತಂತಿ ಆಡಿಸಿದ ಕೂದಲೆಳೆಯಂಥ ಹೊಸ ಗೆರೆ. ಎಲ್ಲಿಯೂ ಅವಸರವಿಲ್ಲ, ಜಾರಿದ ಗುರುತಿಲ್ಲ. ಅಬ್ಬಾ, ಎಂಥ ಕೈ ಎಂದುಕೊಂಡ. ತನ್ನದನ್ನು ಕದ್ದವರನ್ನೇ ಮೆಚ್ಚಿಕೊಂಡೆನಲ್ಲ ಎಂದು ಮರುಗಳಿಗೆ ನಾಚಿಕೆಯಾಯಿತು.

ತಲೆಯೆತ್ತಿದರೆ ಎದುರಿಗೆ ಬೀದಿ. ಔಷಧಿ ಅಂಗಡಿಯ ಶಟರಿನಲ್ಲಿ ಅವನ ಬೀಗ. ಗಡಿಯಾರದವನ ಬಾಗಿಲಲ್ಲಿ ಅವನ ಬೀಗ. ಮಹಡಿಯ ಮೇಲೆ ಒಂಟಿಯಾಗಿರುವ ನಿವೃತ್ತ ನರ್ಸಮ್ಮನ ಮನೆಗೂ ಅವನದೇ ಬೀಗ. ಎಲ್ಲರೂ ನೆಮ್ಮದಿಯಾಗಿ ಓಡಾಡಿಕೊಂಡಿರುವುದು ಅವನ ಮಾತು ನಂಬಿ. ಪಿನ್ನುಗಳನ್ನು ಪೊಟ್ಟಣ ಕಟ್ಟಿ ಜೇಬಿಗೆ ಹಾಕಿಕೊಂಡು ಎದ್ದ.

"ಎಲ್ಲಿಗ್ರೀ?"

"ಐದು ಗಂಟೆಯೊಳಗೆ ಹೋಗ್ಬೇಕು."

ವಿಮಾ ಕಚೇರಿಯಲ್ಲಿ ಕೂತು, ಅಂಗಡಿಯ ಹೆಸರಿರುವ ಕಾಗದದ ಮೇಲೆ ಬರೆದ: 'ಈ ಬೀಗ ನಾನು ಮಾಡಿದ್ದು. ಕೀಲಿ ಇಲ್ಲದೆ ತೆಗೆದಿದ್ದಾರೆ. ಪಿನ್ನುಗಳ ಮೇಲೆ ಗುರುತಿದೆ. ತೆಗೆದವರ ಕೈ ಬಹಳ ಚೆನ್ನಾಗಿದೆ.'

"ಕೊನೇ ಸಾಲು ಬೇಕಾ?" ಮೇಡಂ ಕೇಳಿದರು.

"ಇರಲಿ ಬಿಡಿ. ಅದೂ ನಿಜಾನೇ."

ಆಮೇಲಿನ ಎರಡು ವಾರ ಅವನು ಬಾಗಿಲಿಂದ ಬಾಗಿಲಿಗೆ ತಿರುಗಿದ. ಆದದ್ದನ್ನು ಆದಂತೆ ಹೇಳಿ, ಪುಕ್ಕಟೆಯಾಗಿ ಏಳು ಪಿನ್ನಿನ ಹೊಸ ಬೀಗ ಹಾಕಿಕೊಟ್ಟ. ಗಡಿಯಾರದವನು ಬಾಯಿಗೆ ಬಂದಂತೆ ಬೈದು ಬೇರೆ ಕಡೆಯಿಂದ ಬೀಗ ತಂದುಕೊಂಡ. ನರ್ಸಮ್ಮ ಮಾತ್ರ "ನೀನೇ ಬಂದು ಹೇಳಿದ್ಯಲ್ಲಪ್ಪ, ಸಾಕು," ಎಂದು ಹಳೆಯ ಕೀಲಿ ವಾಪಸ್ ಕೊಟ್ಟರು. ಎಲ್ಲ ಮುಗಿದ ಮೇಲೆ ಅವನು ತನ್ನ ಅಂಗಡಿಗೂ ಅಂಥದೇ ಹೊಸ ಬೀಗ ಹಾಕಿ, ಬಾಗಿಲಿಗೆ ಒಂದು ಚೀಟಿ ಅಂಟಿಸಿದ: 'ಬೀಗ ತೆಗೆದವರು ಬಂದು ಕಾಣಿ. ಪೊಲೀಸರಿಗೆ ಹೇಳುವುದಿಲ್ಲ. ಇಂಥ ಕೈಗೆ ಇಲ್ಲಿ ಕೆಲಸವಿದೆ.' ಕೆಳಗೆ ತನ್ನ ನಂಬರು.

"ಕದ್ದವರಿಗೆ ಮಣೆ ಹಾಕಿ ಕೂರಿಸ್ತೀರಾ?" ಹೆಂಡತಿ ಸಿಡುಕಿದಳು.

"ಆ ಕೈ ಹೊರಗಿದ್ರೆ ಯಾರಿಗೂ ನೆಮ್ಮದಿ ಇಲ್ಲ ಕಣೇ. ಒಳಗಿದ್ರೆ ನನಗೂ ಒಂದಿಷ್ಟು ಕಲಿಯೋಕಾಗತ್ತೆ."

ಕ್ಲೇಮ್ ಪಾಸಾಗಿ, ಹಳೆಯ ನಂಬರಿನ ಹೊಸ ಫೋನು ಕೈಗೆ ಬಂದ ದಿನವೇ ಅದು ಒಂದು ಸಲ ರಿಂಗಾಗಿ ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ರಿಂಗಾಯಿತು.

"ಬೀಗದ ಅಂಗಡಿಯವರಾ?" ಹೆಂಗಸಿನ ದನಿ, ಹಿಂಜರಿಯುತ್ತ. "ಚೀಟಿ ನೋಡಿದೆ. ಹೊಸ ಬೀಗದ ಏಳನೇ ಪಿನ್ನು ನನ್ನ ಕೈಗೆ ಬಗ್ಗಲೇ ಇಲ್ಲ. ಹೇಗೆ ಕೂರಿಸಿದ್ರಿ ಅದನ್ನ? ಹೇಳಿಕೊಡ್ತೀರಾ?"

ಬೀಗದಣ್ಣ ಕೆಲಸದ ಮೇಜಿಗೆ ಒರಗಿದ.

"ನಾಳೆ ಒಂಬತ್ತಕ್ಕೆ ಬಾಮ್ಮ, ಹೇಳಿಕೊಡ್ತೀನಿ," ಎಂದ. "ಬರೋವಾಗ ಆ ಫೋನನ್ನೂ ತಗೊಂಡು ಬಾ. ಅದಕ್ಕೆ ದುಡ್ಡು ಕೊಟ್ಟಿದ್ದಾರೆ, ವಿಮೆಯವರಿಗೆ ಒಪ್ಪಿಸಬೇಕು."