ಗಂಗಾಧರಯ್ಯನ ಹೊಗೆಬಂಡಿ

"ಆತ ಸುಮ್ಮನೆ ಏನೂ ಕೊಡೋ ಆಸಾಮಿ ಅಲ್ಲ ಸರ್. ಇದರಲ್ಲೇನೋ ಇದೆ," ಎಂದಳು ಜೀವಿತಾ, ಕೆಮ್ಮುತ್ತಲೇ.

ಕೆಮ್ಮಿಗೆ ಕಾರಣ ಎದುರಿನ ರೈಲು. ಕುರಿಮರಿ ಗಾತ್ರದ ಉಗಿ ಇಂಜಿನ್ ತೆಂಗಿನ ಚಿಪ್ಪಿನ ಬೆಂಕಿ ಹೊತ್ತು, ನಿಜವಾದ ಹೊಗೆ ಕಾರುತ್ತ, ರಟ್ಟಿನ ತಿಪಟೂರಿನಿಂದ ರಟ್ಟಿನ ಅರಸೀಕೆರೆಗೆ ಹೊರಟಿತ್ತು. ಹೊಗೆಯಲ್ಲಿ ಅರಸೀಕೆರೆ ಕಾಣುತ್ತಿರಲಿಲ್ಲ.

ಆತ ಎಂದರೆ ಕೊಬ್ಬರಿ ಮಂಡಿ ಗಂಗಾಧರಯ್ಯ. ಹೋಟೆಲಿನಲ್ಲಿ ಬಿಲ್ ಬರುವ ಹೊತ್ತಿಗೆ ಸರಿಯಾಗಿ ಫೋನ್ ಬಂದು ಎದ್ದು ಹೋಗುವ ಮನುಷ್ಯ. ಅಂಥವನು ಸ್ಟೇಷನ್ ಹಿಂದಿನ ತನ್ನ ಹಳೇ ಗೋಡೌನನ್ನು ಬಾಡಿಗೆಯಿಲ್ಲದೆ ರೈಲು ಮ್ಯೂಸಿಯಮ್ಮಿಗೆ ಬಿಟ್ಟುಕೊಟ್ಟಿದ್ದ. ಇಂಜಿನ್ನಿಗೆ ಬೇಕಾದ ಚಿಪ್ಪು ಕೂಡ ಅವನದೇ.

ಮ್ಯೂಸಿಯಮ್ಮಿನ ಅಧ್ಯಕ್ಷರು, ಕಾವಲುಗಾರರು, ಕಸ ಗುಡಿಸುವವರು ಎಲ್ಲರೂ ಶಂಭುಲಿಂಗಯ್ಯನವರೇ. ರೈಲ್ವೆ ಗಾರ್ಡ್ ಆಗಿ ನಿವೃತ್ತರಾದವರು. ಮನೆಯಲ್ಲಿ ಅವರ ಮಾತಿಗೆ ಸೊಸೆ ನಿಲ್ಲುತ್ತಿರಲಿಲ್ಲ. ಇಲ್ಲಿ ಅವರ ಹಸಿರು ಬಾವುಟಕ್ಕೆ ರೈಲು ಹೊರಡುತ್ತಿತ್ತು. ಅಷ್ಟು ಸಾಕಿತ್ತು ಅವರಿಗೆ. ಕಾಲೇಜಿನಲ್ಲಿ ಇತಿಹಾಸ ಹೇಳುವ ಜೀವಿತಾ ಭಾನುವಾರಗಳಲ್ಲಿ ಬಂದು ಹಳೇ ಟಿಕೆಟ್ಟು, ಲಾಟೀನು, ಸಿಗ್ನಲ್ಲುಗಳ ದೂಳು ಒರೆಸುತ್ತಿದ್ದಳು. ದೂಳಿನ ಜೊತೆಗೆ ಗಂಗಾಧರಯ್ಯನ ಮೇಲೆ ಅನುಮಾನವನ್ನೂ ಗುಡ್ಡೆ ಹಾಕುತ್ತಿದ್ದಳು.

ಮೊದಲು ಚುನಾವಣೆಗೆ ನಿಲ್ಲುತ್ತಾನೆ ಎಂದುಕೊಂಡಳು. ನಗರಸಭೆ ಚುನಾವಣೆ ಬಂತು, ಹೋಯಿತು, ಆತ ನಿಲ್ಲಲಿಲ್ಲ. ಆಮೇಲೆ ಇಂಜಿನ್ನಿನ ಹಿತ್ತಾಳೆ ಮೇಲೆ ಕಣ್ಣು ಎಂದಳು. ಆತ ಇಂಜಿನ್ನಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ದಿನಾ ಬರುತ್ತಿದ್ದ, ಬಾಗಿಲಲ್ಲಿ ನಿಂತು ಮುಖ ಮೇಲೆತ್ತಿ, ಮೂಗರಳಿಸಿ, ದೇವರ ಮುಂದೆ ನಿಂತವನ ಹಾಗೆ ಹೊಗೆ ಎಳೆದುಕೊಂಡು ಹೋಗುತ್ತಿದ್ದ.

ನೋಡಲು ಜನವಿಲ್ಲದಿದ್ದರೂ ರೈಲು ಓಡಬೇಕು, ಅದು ಅವನ ಕಟ್ಟಪ್ಪಣೆ. ಮಳೆಗಾಲದಲ್ಲಂತೂ ಎರಡು ಹೊತ್ತು. "ತ್ಯಾವ ಜಾಸ್ತಿ ಕಣ್ರೀ. ಸುಮ್ಕೆ ನಿಲ್ಸುದ್ರೆ ಕೆಟ್ಟೋಯ್ತದೆ," ಎನ್ನುತ್ತಿದ್ದ. ಇಲಿ ಕಾಟ ಎಂದು ಯಾರೋ ಅಂದದ್ದಕ್ಕೆ ಮರುದಿನವೇ ಒಂದು ಬೆಕ್ಕು ತಂದು ಬಿಟ್ಟ. ಏಣಿಯಿಲ್ಲದ, ಯಾರೂ ಹತ್ತದ ಅಟ್ಟದ ಹಲಗೆ ಸಂದಿಗಳಿಂದ ಕಸ ಉದುರುತ್ತದೆಂದು ಜೀವಿತಾ ಕೆಳಗೆ ಪ್ಲಾಸ್ಟಿಕ್ ಶೀಟ್ ಹೊಡೆಸಲು ಹೊರಟಾಗ ಚಪ್ಪಲಿಯನ್ನೂ ಮೆಟ್ಟದೆ ಓಡಿ ಬಂದ.

"ಹೊಗೆ ಎಲ್ಲಿಗ್ ಹೋಗ್ಬೇಕವ್ವಾ? ಉಸ್ರು ಕಟ್ಕೊಂಡ್ ಸತ್ತೀರಿ!"

ಎಂಥ ಕಾಳಜಿ ಎಂದುಕೊಂಡು ಶಂಭುಲಿಂಗಯ್ಯನವರು ಶೀಟನ್ನು ಸುತ್ತಿಟ್ಟರು.

ಕುತ್ತು ಬಂದದ್ದು ಶಾಲೆಯವರಿಂದ. ಪ್ರವಾಸಕ್ಕೆ ಬಂದ ಮಕ್ಕಳೆಲ್ಲ ಕೆಮ್ಮುತ್ತ ಮನೆಗೆ ಹೋಗಿದ್ದರು. ಹೊಗೆ ನಿಲ್ಲುವವರೆಗೆ ಒಂದು ಮಗುವನ್ನೂ ಕಳಿಸುವುದಿಲ್ಲ ಎಂದು ಹೆಡ್‌ಮಿಸ್ಸು ಫೋನಿನಲ್ಲೇ ಗದರಿದರು. ಮಕ್ಕಳು ಬಾರದ ಮೇಲೆ ಮ್ಯೂಸಿಯಂ ಯಾಕೆ, ಮುದುಕರು ಕೂತು ಕೆಮ್ಮಲಿಕ್ಕೆ? ಯಾರೋ ದಾನಿಗಳು ಕೊಟ್ಟ ಕರೆಂಟ್ ರೈಲೊಂದು ಡಬ್ಬದಲ್ಲೇ ಕೂತಿತ್ತು. ಅದನ್ನು ಓಡಿಸೋಣವೇ ಎಂದು ಕೇಳಿದ್ದಕ್ಕೆ ಗಂಗಾಧರಯ್ಯ ಕೈ ಚಾಚಿದ.

"ಆಗ್ಲಿ. ಬೀಗದ ಕೈ ಕೊಟ್ಟು ಹೊಂಟೋಗಿ."

ಶಂಭುಲಿಂಗಯ್ಯನವರು ಬೀಗದ ಕೈಯನ್ನು ಜೇಬಿನೊಳಗೇ ಬಿಗಿಹಿಡಿದರು. "ಹೊಗೆ ಮೇಲೆ ಯಾಕ್ರೀ ಇಷ್ಟು ಪ್ರೀತಿ?" ಎಂದರು.

"ನಮ್ಮಪ್ಪ ಜೀವ ತೇದಿದ್ದೇ ಹೊಗೇಲಿ ಕಣ್ರೀ ಗಾರ್ಡ್ ಸಾಹೇಬ್ರೇ. ರಾತ್ರಿ ಮನೀಗ್ ಬಂದ್ರೆ ಮೈಯೆಲ್ಲಾ ಅದೇ ವಾಸ್ನೆ."

ಶಂಭುಲಿಂಗಯ್ಯನವರಿಗೆ ಎಲ್ಲವೂ ಹೊಳೆದುಬಿಟ್ಟಿತು. ಇಂಜಿನ್ನಿಗೆ ಕಲ್ಲಿದ್ದಲು ಎಸೆಯುತ್ತಿದ್ದ ಫೈರ್‌ಮನ್‌ನ ಮಗ! ಪಾಪ, ದಿನಾ ಬಂದು ಹೊಗೆಯಲ್ಲಿ ಅಪ್ಪನನ್ನು ಹುಡುಕುತ್ತಿದ್ದಾನೆ. ಜೀವಿತಾಗೆ ಹೇಳಿದರು. ಅವಳಿಗೆ ನಾಚಿಕೆಯಾಯಿತು. ಒಬ್ಬ ಮಗನ ದುಃಖವನ್ನು ತಾನು ಹಿತ್ತಾಳೆ ಕಳ್ಳತನ ಎಂದುಕೊಂಡಿದ್ದೆನಲ್ಲ!

ಸನ್ಮಾನ ಮಾಡಿ, ಆ ತುಂಬಿದ ಮನಸ್ಸಿನಲ್ಲೇ ಕರೆಂಟ್ ರೈಲಿಗೆ ಒಪ್ಪಿಗೆ ಕೇಳುವುದೆಂದು ತೀರ್ಮಾನವಾಯಿತು. ಸಂಕ್ರಾಂತಿ ಕಳೆದ ಭಾನುವಾರ ಗಂಗಾಧರಯ್ಯನ ತಲೆಗೆ ಮೈಸೂರು ಪೇಟ, ಹೆಗಲಿಗೆ ಶಾಲು, ತೊಡೆಯ ಮೇಲೆ ಹಣ್ಣಿನ ಬುಟ್ಟಿ. ಹಿಂದೆ ಉಗಿ ರೈಲು ಭರ್ಜರಿಯಾಗಿ ಹೊಗೆ ಬಿಡುತ್ತಿತ್ತು.

"ಹೊಗೆಯಲ್ಲಿ ಬೆಂದ ಆ ತಂದೆಯ ಬೆವರು ವ್ಯರ್ಥವಾಗಿಲ್ಲ," ಎಂದು ಶಂಭುಲಿಂಗಯ್ಯನವರು ಗದ್ಗದಿತರಾದರು. ಸಭೆ ಕಣ್ಣೊರೆಸಿಕೊಂಡಿತು, ಅರ್ಧ ದುಃಖಕ್ಕೆ, ಅರ್ಧ ಹೊಗೆಗೆ. ಗಂಗಾಧರಯ್ಯನ ಕಣ್ಣಲ್ಲೂ ನೀರು. "ಮಕ್ಕಳ ಮುಖ ನೋಡಿ ಕರೆಂಟ್ ರೈಲಿಗೆ ಒಪ್ಪಿಗೆ ಕೊಡಿ," ಎಂದು ಅವರು ಕೈಮುಗಿದೇ ಬಿಟ್ಟರು.

ಗಂಗಾಧರಯ್ಯ ಎದ್ದು ನಿಂತ. ಎಂದಿನಂತೆ ಮುಖ ಮೇಲೆತ್ತಿದ. ಮೂಗರಳಿಸಿ ಒಮ್ಮೆ ಹೊಗೆ ಎಳೆದುಕೊಂಡ.

"ಆಯ್ತು ಬುಡಿ. ಇವತ್ತಿಂದ ಕರೆಂಟ್ ರೈಲೇ ಓಡ್ಲಿ."

ಚಪ್ಪಾಳೆಗೆ ಬೆಕ್ಕು ಹೆದರಿ ಓಡಿತು. ಜೀವಿತಾ ಹೋಗಿ ಅವನ ಕಾಲು ಮುಟ್ಟಿದಳು. ಶಂಭುಲಿಂಗಯ್ಯನವರು ಹಸಿರು ಬಾವುಟ ಬೀಸಿದರು. ಡಬ್ಬದಿಂದ ಹೊರಬಂದ ಹೊಸ ರೈಲು ಚೂರೂ ಹೊಗೆಯಿಲ್ಲದೆ ಸರ್ರನೆ ಓಡಿತು. ವರ್ಷದ ಮೇಲೆ ಮೊದಲ ಸಲ ಅರಸೀಕೆರೆ ಕಂಡಿತು.

ಅಷ್ಟರಲ್ಲಿ ಬಾಗಿಲಿಗೆ ಲಾರಿ ಬಂದು ನಿಂತಿತು. ಮಂಡಿಯ ಆಳು ಕರಿಯಪ್ಪ ಖಾಲಿ ಚೀಲಗಳನ್ನು ಹೆಗಲಿಗೇರಿಸಿ, ಏಣಿ ಹಿಡಿದು, ಸಭೆಯ ನಡುವೆಯೇ ನುಗ್ಗಿ ಸೀದಾ ಅಟ್ಟ ಹತ್ತಿದ. ಮೇಲೆ ಕತ್ತಲಲ್ಲಿ ಒಂದು ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಲೊಡಲೊಡ ಎಂದಿತು.

"ಯಜಮಾನ್ರೇ, ಅಟ್ಟದ್ ಕಾಯೆಲ್ಲಾ ಹೊಗೇಗೆ ಹದವಾಗಿ ಉಂಡೆ ಕೊಬ್ರಿ ಆಗವೆ! ಹೊಸಾ ಕಾಯಿ ತುಂಬ್ತಿದ್ದಂಗೆ ಗಾರ್ಡ್ ಸಾಹೇಬ್ರಿಗೆ ಮತ್ತೆ ಬೆಂಕಿ ಹಚ್ಚಾಕೆ ಹೇಳ್ಬುಡಿ!"