ಎರಡು ಬುಟ್ಟಿಯ ಲೆಕ್ಕ

ಒಂದೇ ಸೂರು… ಎರಡು ಒಲೆ… ನಡುವೆ ಒಂದು ತಗಡಿನ ಗೋಡೆ.

ಗೋಡೆಯ ಆಚೆ ಕಾಶಮ್ಮ, ಈಚೆ ಅವಳ ವಾರಗಿತ್ತಿ ಸುವರ್ಣಾ. "ನನ್ನ ಮಗಳ ತಾಟಿಗೆ ಯಾವಾಗ್ಲೂ ಕಡಿಮಿನ ಬೀಳತೈತಿ" ಎಂದು ಹಟ ಹಿಡಿದು ಒಲೆ ಬೇರೆ ಮಾಡಿಸಿದವಳು ಸುವರ್ಣಾನೇ.

ಆ ಸಂಜೆ ಮಗಳು ಸೃಷ್ಟಿ ಹೋಂವರ್ಕ್‌ಗೆ ಕೂತಿದ್ದಳು. ನಾಲ್ಕನೇ ಒಂದಕ್ಕೆ ನಾಲ್ಕನೇ ಎರಡು ಕೂಡಿಸಬೇಕು. ಹುಡುಗಿ ಬರೆದಿದ್ದು… ಎಂಟನೇ ಮೂರು.

"ಛೇದ ಒಂದ ಇದ್ರ ಮ್ಯಾಲಿಂದಷ್ಟ ಕೂಡಸ್ಬೇಕು, ಕೆಳಗಿಂದು ಮುಟ್ಟಬಾರ್ದು! ತಲ್ಯಾಗ ಹೊಟ್ಟು ತುಂಬೈತೇನು?"

ಸುವರ್ಣಾ ಒಂದು ರೊಟ್ಟಿ ತಂದು ನಾಲ್ಕು ತುಂಡು ಮಾಡಿದಳು. "ಇದೊಂದು… ಇವೆರಡು. ಕೂಡಸು."

"ಮೂರು."

"ಎಷ್ಟರಾಗ ಮೂರು?"

"ಎಂಟರಾಗ…"

ಸುವರ್ಣಾಳ ಕೈ ಮೇಲೆದ್ದಿತು. ಸೃಷ್ಟಿ ಕಣ್ಣು ಮುಚ್ಚಿಕೊಂಡು ಗಡಬಡಿಸಿ ಅಂದಳು…

"ನಾ ದಿನಾ ತಿನ್ನೂದು ಒಂದ ತುಂಡು ನಮ್ಮ ಬುಟ್ಟೀದು, ಎರಡು ದೊಡ್ಡವ್ವನ ಬುಟ್ಟೀವು ಮಮ್ಮಿ! ಅವರ ರೊಟ್ಟಿ ಬ್ಯಾರೆ, ನಮ್ಮ ರೊಟ್ಟಿ ಬ್ಯಾರೆ ಅಂತ ನೀನ ಹೇಳೀದಿ… ಎರಡು ರೊಟ್ಟಿ ಅಂದ್ರ ಎಂಟ ತುಂಡಲ್ಲೇನು?"

ಎತ್ತಿದ ಕೈ ಗಾಳಿಯಲ್ಲೇ ಉಳಿಯಿತು.

"ದೊಡ್ಡವ್ವನ ಬುಟ್ಟೀವು ನಿನಗ ಯಾಕ ಬರ್ತಾವ?"

"ಸಾಲಿಂದ ಬಂದ ಕೂಡ್ಲೇ ಕೊಡ್ತಾಳ… ತನ್ನ ಪಾಲಿನ ರೊಟ್ಟ್ಯಾಗ ಅರ್ಧ. ಒಲಿ ಒಂದ ಇದ್ದಾಗಿಂದ್ನೂ ಹಂಗ. ಮಮ್ಮಿಗೆ ಹೇಳಬ್ಯಾಡ, ಬ್ಯಾಸರ ಮಾಡ್ಕೋತಾಳ ಅಂದಾಳ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಸುವರ್ಣಾಗೆ. ಇಷ್ಟು ದಿನ ತಾಟು ನೋಡಿ ಅಳೆದವಳು… ಬಡಿಸಿದ ಕೈಯನ್ನು ನೋಡಲೇ ಇಲ್ಲವಲ್ಲ!

ತಲೆ ತಗ್ಗಿಸಿ ಹೋಗಿ ಆಚೆ ಮನೆಯ ಬಾಗಿಲಲ್ಲಿ ನಿಂತಳು. ರೊಟ್ಟಿ ಬಡಿಯುವ ಸದ್ದು ನಿಂತಿತು.

"ಏನ, ಹೊಸ್ತಿಲ ಕಾಯಾಕ ಬಂದೀಯೇನು? ಒಳಗ ಬಾ" ಅಂದಳು ಕಾಶಮ್ಮ.

"ಅಕ್ಕಾ… ಲೆಕ್ಕ ತಪ್ಪೈತಿ."

"ಸೃಷ್ಟೀದು?"

"ನಂದು…"

ಕಾಶಮ್ಮ ಹಿಟ್ಟಿನ ಕೈಯಲ್ಲೇ ತನ್ನ ಬುಟ್ಟಿಯನ್ನು ಮುಂದೆ ಸರಿಸಿದಳು. "ನಿನ್ನ ಬುಟ್ಟಿ ತಂದು ಇದರಾಗ ಸುರುವು."

ಸುವರ್ಣಾ ಓಡಿ ಹೋಗಿ ತಂದು ಸುರುವಿದಳು. ರೊಟ್ಟಿಯ ಜೊತೆ ಕಣ್ಣೀರೂ ಬಿತ್ತು.

ಬಾಗಿಲಿಂದ ಸೃಷ್ಟಿ ಇಣುಕಿದಳು. "ಈಗ ಕೆಳಗ ನಾಕು ಬರೀಲೇನು ಮಮ್ಮಿ?"

"ಬರೀ ನನ್ನವ್ವಾ" ಅಂದ ಕಾಶಮ್ಮ, ಸೆರಗಿನಿಂದ ವಾರಗಿತ್ತಿಯ ಕೆನ್ನೆ ಒರೆಸಿದಳು… "ಸಾಕ ಬಿಡಽ, ಖಡಕ್ ರೊಟ್ಟಿ ಮೆತ್ತಗಾಗ್ತಾವ!"

ಕೂಡಬೇಕೆಂದರೆ… ಮೊದಲು ಕೆಳಗಿರುವುದು ಒಂದಾಗಬೇಕು.

ನಿಮ್ಮ ಸೂರಿನಡಿ ಇವತ್ತು ಎಷ್ಟು ಬುಟ್ಟಿಗಳಿವೆ… ಒಮ್ಮೆ ಎಣಿಸಿ ನೋಡುತ್ತೀರಾ?